ಪಿನೊ ನ್ವಾರ್: ಸೊನೋಮಾ ಕೋಸ್ಟೋ, ಸಾಂಟಾ ರೀಟಾ ಹಿಲ್ಸೋ?

ಪಿನೊ ನ್ವಾರ್ ಎಂಬ ದ್ರಾಕ್ಷಿಯ ಕೆಂಪು ವೈನನ್ನು ಈ ಎರಡು ವಲಯಗಳಿಂದ ತಂದು, ಅಕ್ಕಪಕ್ಕ ಸುರಿದು ಕುಡಿದು ನೋಡಿದ ಮೇಲೆ ನನ್ನ ಮತ ಸಾಂಟಾ ರೀಟಾ ಹಿಲ್ಸ್‌ಗೇ. ಎರಡೂ ಕ್ಯಾಲಿಫೋರ್ನಿಯಾದವು, ಎರಡಕ್ಕೂ ಪೆಸಿಫಿಕ್ ಕಡಲಿನ ತಣ್ಣನೆ ಗಾಳಿ ಇದೆ. ಸೊನೋಮಾ ಕೋಸ್ಟ್ ಕೈಕೊಡುವುದು ಲೇಬಲ್ಲಿನಲ್ಲಿ.

'ಕೋಸ್ಟ್' ಎಂದು ಓದಿ ಕಡಲಂಚಿನ ತೋಟ ಅಂದುಕೊಂಡರೆ ಕೆಟ್ಟಿರಿ. 1987ರಲ್ಲಿ ಸರ್ಕಾರ ದ್ರಾಕ್ಷಿ ಬೆಳೆಯುವ ಪ್ರದೇಶವೆಂದು ಗುರುತಿಸಿದ ಈ ವಲಯ ದಕ್ಷಿಣದ ಸ್ಯಾನ್ ಪಾಬ್ಲೊ ಕೊಲ್ಲಿಯಿಂದ ಉತ್ತರದ ಮೆಂಡೊಸಿನೊ ಕೌಂಟಿಯ ಗಡಿಯವರೆಗೂ ಹಬ್ಬಿದೆ. ಒಳಗೆ ಬಿಸಿಲು ಚುರುಗುಟ್ಟುವ ತೋಟದ ಹಣ್ಣಿಗೂ ಅದೇ ಹೆಸರು. ಸಾಲದ್ದಕ್ಕೆ, ವಲಯದ ಹೆಸರು ಹಾಕಲು 85% ದ್ರಾಕ್ಷಿ ಅಲ್ಲಿಯದಾದರೆ ಸಾಕು, 'ಪಿನೊ ನ್ವಾರ್' ಎನ್ನಲು 75% ಪಿನೊ ಸಾಕು. ಅಗ್ಗದ ಬಾಟಲಿ ತೆರೆದಾಗ ಜ್ಯಾಮಿನ ವಾಸನೆ ಬಂದು ಹುಳಿ ಸಪ್ಪೆಯಾಗಿದ್ದರೆ ಆಶ್ಚರ್ಯವಿಲ್ಲ.

ಹಾಗಾಗಿ ಸಣ್ಣ ಹೆಸರುಗಳನ್ನು ಹುಡುಕಬೇಕು. ವೆಸ್ಟ್ ಸೊನೋಮಾ ಕೋಸ್ಟ್ ಎಂದರೆ ಕಡಲ ಬದಿಯ ಪಟ್ಟಿ ಮಾತ್ರ. ಆದರೆ ಆ ಹೆಸರು ಬಂದದ್ದೇ 2022ರಲ್ಲಿ. ಹಳೆಯ ಬಾಟಲಿಯಾದರೆ ಹಿಂಬದಿಯ ಲೇಬಲ್ಲಿನಲ್ಲಿ ಅನಾಪೊಲಿಸ್, ಫ್ರೀಸ್ಟೋನ್, ಆಕ್ಸಿಡೆಂಟಲ್ ಎಂಬ ಊರುಗಳಿವೆಯೇ ನೋಡಿ. ಫೋರ್ಟ್ ರಾಸ್-ಸೀವ್ಯೂ ಎಂಬ ಸಣ್ಣ ವಲಯ ಇನ್ನೊಂದು ತಮಾಷೆ: ಕಡಲಿಗೆ ಅಷ್ಟು ಹತ್ತಿರವಿದ್ದರೂ ತೋಟಗಳು ಹೆಚ್ಚಾಗಿ 920 ಅಡಿಗಿಂತ ಎತ್ತರದಲ್ಲಿ, ಮಂಜಿನ ಮೇಲಿವೆ. ಬಿಸಿಲು ಧಾರಾಳ, ವೈನೂ ಮೈತುಂಬಿಕೊಂಡಿರುತ್ತದೆ. ತೆಳುವಾದದ್ದು ಬೇಕೆಂದು ಇದನ್ನು ಕೊಳ್ಳಬೇಡಿ.

ಸಾಂಟಾ ರೀಟಾದಲ್ಲಿ ಹೀಗೆ ಹರಡಿಕೊಂಡ ವಲಯದ ತಲೆನೋವಿಲ್ಲ. ಇಲ್ಲಿನ ಬೆಟ್ಟಸಾಲು ಪೂರ್ವ-ಪಶ್ಚಿಮವಾಗಿ ಮಲಗಿರುವುದರಿಂದ ಮಂಜೂ ಗಾಳಿಯೂ ಕಡಲಿನಿಂದ ನೇರ ಒಳಗೆ ನುಗ್ಗುತ್ತವೆ. ಗಾಳಿ ಜೋರಾದಾಗ ಎಲೆಯ ರಂಧ್ರಗಳು ಮುಚ್ಚಿಕೊಂಡು ಹಣ್ಣು ನಿಧಾನಕ್ಕೆ ಮಾಗುತ್ತದೆ, ದ್ರಾಕ್ಷಿ ಸಣ್ಣದಾಗಿ ಸಿಪ್ಪೆ ದಪ್ಪವಾಗುತ್ತದೆ. ಬಣ್ಣ ಗಾಢ, ಕಪ್ಪು ಚೆರ್ರಿ ಮತ್ತು ಟೀ ಎಲೆಯ ಘಮ, ಹುಳಿ ಚುರುಕು. ಲೇಬಲ್ಲಿನಲ್ಲಿ 'ಸಾಂಟಾ' ಬದಲು 'ಸ್ಟಾ.' (Sta.) ಎಂದಿದ್ದರೆ ಅಚ್ಚಿನ ತಪ್ಪಲ್ಲ. ಚಿಲಿಯ ಸಾಂಟಾ ರೀಟಾ ಕಂಪನಿಯ ಹೆಸರಿನ ಜೊತೆ ಗೊಂದಲವಾಗದಿರಲೆಂದು 2006ರಲ್ಲಿ ಮೊಟಕು ಮಾಡಿದ್ದು.

ಇದರ ದೋಷ ಆಲ್ಕೊಹಾಲ್. 14% ದಾಟುವುದು ಮಾಮೂಲು, ಅದರ ಮೇಲೆ ಲೇಬಲ್ ಅಂಕಿಯಲ್ಲಿ ಶೇಕಡಾ ಒಂದರಷ್ಟು (14.5 ಎಂದಿದ್ದರೆ 13.5ರಿಂದ 15.5ರವರೆಗೆ ಅಲ್ಲ, 14 ದಾಟಿದ ಮಿತಿಯೊಳಗೆ) ಹೆಚ್ಚುಕಮ್ಮಿಗೆ ಕಾನೂನೇ ಅವಕಾಶ ಕೊಡುತ್ತದೆ. ಕೋಣೆಯ ಬಿಸುಪಿನಲ್ಲಿ ಸುರಿದರೆ ಮೊದಲು ಮೂಗಿಗೆ ಹೊಡೆಯುವುದು ಸ್ಪಿರಿಟ್ಟೇ. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 14-15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ. ಅದಕ್ಕಿಂತ ತಣ್ಣಗಾದರೆ ಹಣ್ಣು ಅಡಗಿ ಒಗರು ಎದ್ದು ನಿಲ್ಲುತ್ತದೆ. ತೊಟ್ಟಿನ ಸಮೇತ ಇಡೀ ಗೊಂಚಲನ್ನೇ ಹುದುಗಿಸಿದ ವೈನಾದರೆ ಮೊದಲ ಗ್ಲಾಸು ಹಸಿ ಕಡ್ಡಿ ಜಗಿದಂತಿರುತ್ತದೆ, ಒಂದು ಗಂಟೆ ತೆರೆದಿಡಿ.

ಒಂದು ಬಾಟಲಿಯನ್ನು ಎರಡು ಸಂಜೆ ಎಳೆಯುವುದು ನನ್ನ ರೂಢಿ, ವರ್ಷಗಟ್ಟಲೆ ಕೂಡಿಡುವ ಜಾಗವಿಲ್ಲ. ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟ ಸಾಂಟಾ ರೀಟಾ ಮರುದಿನವೂ ಗಟ್ಟಿಯಾಗಿ ನಿಲ್ಲುತ್ತದೆ. ಕೈಯಲ್ಲಿ ದುಡ್ಡು ಆಡುತ್ತಿದ್ದ ದಿನ ವೆಸ್ಟ್ ಸೊನೋಮಾ ಕೋಸ್ಟ್‌ನ ಒಂದೇ ತೋಟದ ವೈನ್ ತರುತ್ತೇನೆ. ಬರೀ 'ಸೊನೋಮಾ ಕೋಸ್ಟ್' ಎಂದಿದ್ದು ತೋಟದ ಹೆಸರೂ ಇಲ್ಲವೆಂದರೆ ಬಾಟಲಿ ವಾಪಸ್ ಶೆಲ್ಫಿಗೆ.