ಚಂಡಮಾರುತ ಆಗುತ್ತೋ ಇಲ್ಲವೋ: ಹವಾಮಾನ ಇಲಾಖೆಯ ದಿನದ ಬುಲೆಟಿನ್, ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು ಪಾಂಡವಪುರ ತಾಲ್ಲೂಕು. ವಿ.ಸಿ. ನಾಲೆಯ ಅಚ್ಚುಕಟ್ಟಿನಲ್ಲಿ ಎರಡೂವರೆ ಎಕರೆ ಭತ್ತ. ಬಂಗಾಳಕೊಲ್ಲಿಗೂ ನಿಮ್ಮ ಗದ್ದೆಗೂ ಏನು ಸಂಬಂಧ ಅನ್ನುವವರು ನವೆಂಬರ್ ಕೊನೆಯಲ್ಲಿ ಒಮ್ಮೆ ಬಂದು ನೋಡಬೇಕು. ತೆನೆ ಹಣ್ಣಾಗಿ ಬಾಗಿರುತ್ತದೆ, ಕಟಾವು ಯಂತ್ರಕ್ಕೆ ಹೇಳಿಟ್ಟಿರುತ್ತೇವೆ, ಅಷ್ಟರಲ್ಲಿ ಸಮುದ್ರದಲ್ಲಿ ಏನೋ ಎದ್ದಿದೆ ಅಂತ ಸುದ್ದಿ. ಅಪ್ಪ ಜಗಲಿಯಿಂದಲೇ ಕೇಳುತ್ತಾರೆ: "ಏನ್ಲಾ, ಅದು ಗಟ್ಟಿಯಾಯ್ತದಾ, ಇಲ್ಲ ಅಲ್ಲೇ ಕರಗೋಯ್ತದಾ?"

ಮೊದಲು ನಾನು ಫೋನಿನಲ್ಲಿದ್ದ ಒಂದು ಪುಕ್ಕಟೆ ಗಾಳಿ ನಕ್ಷೆಯ ಆಪ್ ನಂಬಿದ್ದೆ. ಒಂದು ವರ್ಷ ಹತ್ತು ದಿನ ಮುಂಚೆಯೇ ಅದು ಚೆನ್ನೈ ಪಕ್ಕ ಕೆಂಪು ಸುಳಿ ತೋರಿಸಿತು. ಹೆದರಿ, ಇನ್ನೂ ಹಸಿರು ಉಳಿದಿದ್ದ ತೆನೆಯನ್ನೇ ಕೊಯ್ಯಿಸಿದೆವು. ಸುಳಿ ಹುಟ್ಟಲೇ ಇಲ್ಲ. ಕಾಳು ತೇವ, ಅರ್ಧಕ್ಕರ್ಧ ಜೊಳ್ಳು. ಬೆಂಬಲ ಬೆಲೆಗೆ ತೇವಾಂಶ ಶೇ. 17 ದಾಟಬಾರದು. ಬಂದ ಬೆಲೆಗೆ ಕೊಟ್ಟೆವು.

ಆಮೇಲೆ ಹಿಡಿದದ್ದು ದೆಹಲಿಯ ಹವಾಮಾನ ಇಲಾಖೆ ದಿನವೂ ಹೊರಡಿಸುವ ಟ್ರಾಪಿಕಲ್ ವೆದರ್ ಔಟ್‌ಲುಕ್. ಬಣ್ಣವಿಲ್ಲ, ಚಿತ್ರ ಕಡಿಮೆ, ಇಂಗ್ಲಿಷ್ ಅಕ್ಷರವೇ ತುಂಬ. ಆದರೆ ಅದರಲ್ಲೊಂದು ಸಣ್ಣ ಪಟ್ಟಿ ಇದೆ, ನನಗೆ ಬೇಕಾದ್ದೆಲ್ಲ ಅದರಲ್ಲೇ. ಮುಂದಿನ ಏಳು ದಿನ, ಒಂದೊಂದು 24 ಗಂಟೆಗೂ ಒಂದು ಮನೆ, ಮನೆಯೊಳಗೆ ಸಾಧ್ಯತೆ: ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು. ಗಮನಿಸಿ, ಅದು ಹೇಳುವುದು ಡಿಪ್ರೆಷನ್ (ಚಂಡಮಾರುತಕ್ಕಿಂತ ಕಡಿಮೆ ಬಲದ ಸುಳಿ) ಆಗುವ ಸಾಧ್ಯತೆಯನ್ನು, ಚಂಡಮಾರುತದ್ದನ್ನಲ್ಲ. ಇದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಟಿವಿಯಲ್ಲಿ ಎಲ್ಲಕ್ಕೂ 'ವಾಯುಭಾರ ಕುಸಿತ' ಎಂಬ ಒಂದೇ ಮಾತು. ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ ಡಿಪ್ರೆಷನ್, 50ಕ್ಕೆ ಡೀಪ್ ಡಿಪ್ರೆಷನ್, 62 ಮುಟ್ಟಿದ ಮೇಲೆಯೇ ಚಂಡಮಾರುತ. ಹೆಸರಿಡುವುದೂ ಆಗಲೇ.

ಪಟ್ಟಿಯ ಜೊತೆಗಿರುವ ವಿವರವನ್ನು ಬಿಡಬೇಡಿ. ಸಮುದ್ರದ ಮೇಲ್ಮೈ ಎಷ್ಟು ಬಿಸಿ, ವಿಂಡ್ ಶಿಯರ್, ಅಂದರೆ ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ಇರುವ ವ್ಯತ್ಯಾಸ, ಎಷ್ಟು ಅಂತ ಬರೆದಿರುತ್ತಾರೆ. ಚಂಡಮಾರುತ ಹುಟ್ಟಲು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ನೀರು ಬೇಕು ಅನ್ನುತ್ತಾರೆ. ನಮ್ಮ ಕಡೆಗೆ ಮಳೆ ತರುವ ಕಾಲದಲ್ಲಿ ಕೊಲ್ಲಿಯ ನೀರು ಸಾಮಾನ್ಯವಾಗಿ ಅದಕ್ಕಿಂತ ಬಿಸಿಯಾಗೇ ಇರುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಶಿಯರ್. ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ ಜೋರಾಗಿ ಎಳೆದರೆ ಮೋಡದ ಗೋಪುರ ವಾಲುತ್ತದೆ. ಹುಲ್ಲಿನ ಮೆದೆ ಒಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತಲೆ ವಾಲಿದ ಮೆದೆ ನಿಲ್ಲಲ್ಲ. ಒಣಗಾಳಿ ಒಳಗೆ ನುಗ್ಗಿದರೂ ಅಷ್ಟೇ, ಬಲ ಕುಂದುತ್ತದೆ.

2024ರ ಫೆಂಗಲ್ ಚಂಡಮಾರುತ ನನಗೆ ತುಂಬ ಕಲಿಸಿತು. ನವೆಂಬರ್ 25ಕ್ಕೆ ಡಿಪ್ರೆಷನ್, 26ಕ್ಕೆ ಡೀಪ್ ಡಿಪ್ರೆಷನ್. ಅಲ್ಲಿಂದ ಆಗುತ್ತೋ ಇಲ್ಲವೋ ಅಂತ ಮೂರು ದಿನ ತೂಗಾಡಿ, 29ಕ್ಕೆ ಚಂಡಮಾರುತವಾಯಿತು. 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ನಾವು 28ಕ್ಕೇ ಕೊಯ್ಲು ಮುಗಿಸಿದ್ದೆವು, ಕಾಳು ಮನೆಯೊಳಗೆ ಸೇರಿತ್ತು. ದಡ ಹತ್ತಿತು, ಬಲ ಕಳೆದುಕೊಳ್ಳುತ್ತಿದೆ ಅಂತ ಓದಿ ನಾನು ಫೋನ್ ಪಕ್ಕಕ್ಕಿಟ್ಟೆ. ಅದೇ ತಪ್ಪಾಯಿತು. ನಮಗೆ ಮಳೆ ಹಿಡಿದದ್ದೇ ಆಮೇಲೆ, ಡಿಸೆಂಬರ್ ಮೊದಲ ದಿನಗಳಲ್ಲಿ. ಗದ್ದೆಯಲ್ಲಿ ಬಿಟ್ಟಿದ್ದ ಹುಲ್ಲೆಲ್ಲ ನೆನೆದು ಚಪ್ಪಟೆಯಾಯಿತು. ವಾರ ಬಿಟ್ಟು ಅಪ್ಪ ಒಂದು ಹಿಡಿ ಕಿತ್ತು ಮೂಗಿಗೆ ಹಿಡಿದರು. ಒಳಗೆಲ್ಲ ಬೂಷ್ಟು, ಹಿಡಿದರೆ ಬೆಚ್ಚಗಿತ್ತು. ಹಸು ಮೂತಿ ಸೋಕಿಸಿ ತಿರುಗಿ ನಿಂತಿತು. ಆ ವರ್ಷ ಮೇವು ಕೊಂಡೆವು.

ನಮ್ಮಂಥ ಒಳನಾಡಿನವರಿಗೆ ಬೇಕಾದ್ದು ಗಾಳಿಯ ಲೆಕ್ಕಕ್ಕಿಂತ ಮಳೆಯ ಲೆಕ್ಕ. ಚಂಡಮಾರುತ ಅನ್ನುವ ಹೆಸರು ಹೋದರೂ ನೀರು ಅದರ ಜೊತೆಯಲ್ಲೇ ಇರುತ್ತದೆ. ಈಗ ಪಟ್ಟಿಯಲ್ಲಿ 'ಮಧ್ಯಮ' ಕಂಡರೆ ಯಂತ್ರದವರಿಗೆ ಫೋನ್ ಮಾಡುತ್ತೇನೆ, 'ಹೆಚ್ಚು' ಕಂಡರೆ ಟಾರ್ಪಾಲು ಇಳಿಸುತ್ತೇನೆ. ಗುರುವಾರ ಗುರುವಾರ ಬರುವ ಎರಡು ವಾರದ ಮುನ್ನೋಟವನ್ನೂ ಓದುತ್ತೇನೆ, ಆದರೆ ಅದನ್ನು ನಂಬಿ ತೆನೆಗೆ ಕುಡುಗೋಲು ಹಾಕುವುದಿಲ್ಲ.

ಐದಕ್ಕೆ ಐದು ಕೊಡುತ್ತೇನೆ. ದುಡ್ಡಿಲ್ಲ, ಜಾಹೀರಾತಿಲ್ಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ದಿನಕ್ಕೆ ಐದು ನಿಮಿಷ ಸಾಕು. ದಡ ಹತ್ತಿದ ಮೇಲೂ, ಅದರ ಉಳಿಕೆ ನಮ್ಮನ್ನು ದಾಟಿ ಹೋಗುವ ತನಕ ಓದುತ್ತಿರಿ.