ಅನ್‌ಚೈನ್ಡ್ ಮೆಲೊಡಿ: ದುಡ್ಡು ಕೊಡುವ ಮುನ್ನ ಲೇಬಲ್ ನೋಡಿ

‘ಘೋಸ್ಟ್’ ಸಿನಿಮಾದ ‘ಅನ್‌ಚೈನ್ಡ್ ಮೆಲೊಡಿ’ ಹಾಡು ಬೇಕೆಂದು ಅಮೆರಿಕದ ಗಾಯಕ ಜೋಡಿ ರೈಚಸ್ ಬ್ರದರ್ಸ್ ಸಿಡಿ ಕೊಳ್ಳುವವರು ಸುಲಭವಾಗಿ ಮೋಸ ಹೋಗುತ್ತಾರೆ. ಅದೇ ಹಾಡು, ಅದೇ ಗಾಯಕ ಬಾಬಿ ಹ್ಯಾಟ್‌ಫೀಲ್ಡ್, ಆದರೆ ಧ್ವನಿಮುದ್ರಣ ಎರಡಿದೆ. ಸಿನಿಮಾದಲ್ಲಿರುವುದು 1965ರದ್ದು. 1990ರಲ್ಲಿ ಸಿನಿಮಾ ಗೆದ್ದಾಗ ಕರ್ಬ್ ಎಂಬ ಧ್ವನಿಮುದ್ರಣ ಕಂಪನಿ ಹಾಡನ್ನು ಹೊಸದಾಗಿ ಹಾಡಿಸಿ ಬಿಟ್ಟಿತು, ಹಳೆಯದೂ ಮರುಬಿಡುಗಡೆಯಾಯಿತು. ಎರಡೂ ಒಟ್ಟೊಟ್ಟಿಗೇ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿ ಹತ್ತಿದವು. ಹಳೆಯದು 13ನೇ ಸ್ಥಾನ ಮುಟ್ಟಿತು, ಹೊಸದು 19.

ಸಿಡಿಯ ಬೆನ್ನ ಮೇಲೆ ‘ಕರ್ಬ್’ ಎಂದಿದ್ದರೆ ಅದು 1990ರದ್ದು. ವರ್ವ್ ಲೇಬಲ್‌ನ ‘ಅನ್‌ಚೈನ್ಡ್ ಮೆಲೊಡಿ: ದಿ ವೆರಿ ಬೆಸ್ಟ್ ಆಫ್ ದಿ ರೈಚಸ್ ಬ್ರದರ್ಸ್’ ಸಂಕಲನದಲ್ಲಿ ಮೂಲ ಇದೆ. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಆಲ್ಬಮ್ಮಿನ ಕೊನೆಯಲ್ಲಿರುವ ಹಕ್ಕುಸ್ವಾಮ್ಯದ ಸಾಲನ್ನು ಓದಬೇಕು. ಮುಖಪುಟದ ಚಿತ್ರ ನಂಬಬೇಡಿ. ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ. 1965ರದ್ದರಲ್ಲಿ ಪ್ರತಿಧ್ವನಿಯಲ್ಲಿ ಮುಳುಗಿ ವಾದ್ಯಗಳೆಲ್ಲ ಒಂದೇ ಮುದ್ದೆಯಾಗಿವೆ. ಹೊಸದರಲ್ಲಿ ಎಲ್ಲವೂ ಬಿಡಿಬಿಡಿ, ಶುಭ್ರ. ಹ್ಯಾಟ್‌ಫೀಲ್ಡ್ ಆಗಲೂ ಚೆನ್ನಾಗಿಯೇ ಹಾಡಿದ್ದಾರೆ, ಆದರೆ ಆ ಶುಭ್ರತೆಯೇ ಹಾಡಿನ ಆರ್ತತೆಯನ್ನು ತೊಳೆದುಹಾಕಿದೆ.

ಹಾಡು ಹುಟ್ಟಿದ್ದು 1955ರಲ್ಲಿ, ‘ಅನ್‌ಚೈನ್ಡ್’ ಎಂಬ ಜೈಲಿನ ಕಥೆಯ ಸಿನಿಮಾಕ್ಕೆ. ಸಂಗೀತ ಅಲೆಕ್ಸ್ ನಾರ್ತ್, ಸಾಹಿತ್ಯ ಹೈ ಜರೆಟ್. ತೆರೆಯ ಮೇಲೆ ಹಾಡಿದವರು ಟಾಡ್ ಡಂಕನ್. ಗರ್ಶ್ವಿನ್‌ರ ‘ಪೋರ್ಗಿ ಅಂಡ್ ಬೆಸ್’ ಒಪೆರಾದ ಮೊದಲ ಪೋರ್ಗಿ ಅವರೇ. ಅದೇ ವರ್ಷ ಲೆಸ್ ಬ್ಯಾಕ್ಸ್‌ಟರ್, ಆಲ್ ಹಿಬ್ಲರ್, ರಾಯ್ ಹ್ಯಾಮಿಲ್ಟನ್ ಮೂವರ ಆವೃತ್ತಿಗಳೂ ಜನಪ್ರಿಯವಾದವು; ಬ್ರಿಟನ್‌ನಲ್ಲಿ ಜಿಮ್ಮಿ ಯಂಗ್ ಮೊದಲ ಸ್ಥಾನಕ್ಕೇರಿದರು. ಒಂದನ್ನಷ್ಟೇ ಕೇಳುವುದಾದರೆ ಹ್ಯಾಮಿಲ್ಟನ್‌ರದ್ದು ಕೇಳಿ. ಚರ್ಚ್ ಗಾಯನದಲ್ಲಿ ಪಳಗಿದ ಆ ಕಂಠ ಕೇಳಿದರೆ ಹ್ಯಾಟ್‌ಫೀಲ್ಡ್ ಎಲ್ಲಿಂದ ಬಂದರು ಎಂಬುದು ತಿಳಿಯುತ್ತದೆ.

ಇನ್ನು 1965ರ ಮೂಲ ತಟ್ಟೆ: ನಿಮಿಷಕ್ಕೆ 45 ಸುತ್ತು ತಿರುಗುವ (45 ಆರ್‌ಪಿಎಂ) ಗ್ರಾಮಫೋನ್ ತಟ್ಟೆ, ಫಿಲ್ಲೀಸ್ ಲೇಬಲ್‌ನ 129ನೇ ಸಂಖ್ಯೆಯದು. ಇದರಲ್ಲಿ ನಮ್ಮ ಹಾಡಿರುವುದು ಬಿ ಬದಿಯಲ್ಲಿ. ಎ ಬದಿ ‘ಹಂಗ್ ಆನ್ ಯು’. ರೇಡಿಯೋದವರು ತಟ್ಟೆ ಮಗುಚಿ ಹಾಕಿದ್ದರಿಂದಲೇ ಇದು ಅಮೆರಿಕದಲ್ಲಿ 4ನೇ ಸ್ಥಾನಕ್ಕೇರಿತು. ಜೋಡಿಯ ಇನ್ನೊಬ್ಬ ಬಿಲ್ ಮೆಡ್ಲಿ ಇದರಲ್ಲಿ ಹಾಡಿಲ್ಲ. ನಿರ್ಮಾಪಕರೆಂದು ಫಿಲ್ ಸ್ಪೆಕ್ಟರ್ ಹೆಸರು ಓಡಾಡುತ್ತದೆ, ಆದರೆ ಆ ಕೆಲಸ ಮಾಡಿದ್ದು ತಾನೇ ಎಂದು ಮೆಡ್ಲಿ ಹೇಳಿದ್ದಾರೆ.

ಹಳೆಯ ತಟ್ಟೆ ಕೊಳ್ಳುವಾಗ ಮೊದಲ ಅರ್ಧ ನಿಮಿಷ ಕೇಳಿ ‘ಚೆನ್ನಾಗಿದೆ’ ಎಂದುಬಿಡಬೇಡಿ. ಕೊನೆಯ ನಿಮಿಷ ಹಾಕಿಸಿ. ಹಾಡಿನ ಅತಿ ಎತ್ತರದ ಸ್ವರ ಇರುವುದು ಕೊನೆಗೆ, ಅಂದರೆ ನಡುವಿನ ಲೇಬಲ್ ಚೀಟಿಗೆ ಹತ್ತಿರದ ಒಳಸುತ್ತಿನಲ್ಲಿ. ಅಲ್ಲಿ ಸುತ್ತು ಚಿಕ್ಕದು, ಮುಳ್ಳಿನ ಕೆಳಗೆ ಸೆಕೆಂಡಿಗೆ ಹಾಯುವ ಗೀರಿನ ಉದ್ದ ಕಡಿಮೆ. ಅಷ್ಟರಲ್ಲೇ ಜೋರು ದನಿ ತುರುಕಿರುವುದರಿಂದ ಗೀರು ಸವೆದಿದ್ದರೆ ಧ್ವನಿ ಅಲ್ಲೇ ಒಡೆಯುತ್ತದೆ. ಆ ಕಾಲದ ಅನೇಕ ಅಮೆರಿಕನ್ 45ಗಳಂತೆ ನಿಮ್ಮ ಪ್ರತಿಯೂ ವಿನೈಲ್ ಬದಲು ಸ್ಟೈರೀನ್ ಎಂಬ ಬೇರೆ ಪ್ಲಾಸ್ಟಿಕ್‌ನದಾಗಿದ್ದರೆ ಸವೆತ ಇನ್ನೂ ಬೇಗ. ಕಣ್ಣಿಗೆ ಫಳಫಳ ಹೊಳೆದರೂ ‘ಸ್ಸ್’ ಎಂಬ ಕರಕರ ಉಳಿದೇ ಇರುತ್ತದೆ, ತೊಳೆದರೆ ಹೋಗದು. ಮುಳ್ಳು ಹೊಸದಿರಲಿ, ತಟ್ಟೆಯ ಮೇಲೆ ಅದು ಹಾಕುವ ಭಾರ ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ತಯಾರಕರು ಹೇಳಿದಷ್ಟೇ ಇರಲಿ, ಡಿಜೆಗಳಂತೆ ತಟ್ಟೆಯನ್ನು ಹಿಂದಕ್ಕೆ ತಿರುಗಿಸಬೇಡಿ. ನಡುವಿನ ತೂತು ದೊಡ್ಡದು, ಒಂದೂವರೆ ಇಂಚಿನ ಅಡಾಪ್ಟರ್ ಬೇಕು.

1955ರ ಆವೃತ್ತಿಗಳು 78 ಆರ್‌ಪಿಎಂನ ಅರಗಿನ ತಟ್ಟೆಯಲ್ಲಿ ಸಿಕ್ಕರೆ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಭಾಗ) ಮುಳ್ಳನ್ನೇ ಬಳಸಿ. ಆಲ್ಕೋಹಾಲ್ ಬೆರೆತ ಕ್ಲೀನರ್ ಮಾತ್ರ ಸೋಕಿಸಬೇಡಿ, ಅರಗು ಕರಗುತ್ತದೆ.