ಸೆಪಿಲೊಕ್, ಕಿನಬಟಂಗನ್, ಡಾನಮ್: ಸಬಾದ ಮಳೆಕಾಡುಗಳಲ್ಲಿ ನನ್ನ ಓಟು ಯಾವುದಕ್ಕೆ

ಬೋರ್ನಿಯೊ ದ್ವೀಪದಲ್ಲಿರುವ ಮಲೇಷ್ಯಾದ ಸಬಾ ರಾಜ್ಯಕ್ಕೆ ಕಾಡು ನೋಡಲು ಹೊರಟವರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಸೆಪಿಲೊಕ್‌ನಲ್ಲಿ ಅರ್ಧ ದಿನ ಒರಾಂಗುಟಾನ್ ನೋಡಿ, ಕಿನಬಟಂಗನ್ ನದಿಯಲ್ಲಿ ದೋಣಿ ಹತ್ತಿ, ಕೈಯಲ್ಲಿ ದುಡ್ಡಿದ್ದರೆ ಡಾನಮ್ ಕಣಿವೆಗೆ ಹೋಗಿ ಮುಗಿಸಿ. ಮೂರನ್ನೂ ಸುತ್ತಿ ಬಂದ ಮೇಲೆ ಈ ಸಲಹೆಯನ್ನು ತಲೆಕೆಳಗು ಮಾಡಬೇಕೆಂದು ನನಗನ್ನಿಸಿದೆ. ಮತ್ತೆ ಹೋಗುವುದಾದರೆ ಹೆಚ್ಚಿನ ದಿನಗಳನ್ನು ಸೆಪಿಲೊಕ್‌ಗೇ ಇಡುತ್ತೇನೆ. ಅದೂ ಎಲ್ಲರೂ ಮುಗಿಬೀಳುವ ಒರಾಂಗುಟಾನ್ ಕೇಂದ್ರಕ್ಕಲ್ಲ. ಅದರ ಹತ್ತಿರದಲ್ಲೇ ಅರಣ್ಯ ಇಲಾಖೆ ನಡೆಸುವ ರೇನ್‌ಫಾರೆಸ್ಟ್ ಡಿಸ್ಕವರಿ ಸೆಂಟರ್ ಇದೆ; ಅಲ್ಲಿ ಮರಗಳ ನೆತ್ತಿಯ ಮಟ್ಟದಲ್ಲಿ ಕಟ್ಟಿರುವ ಉಕ್ಕಿನ ಮೇಲ್ಸೇತುವೆಗೆ.

ಸೆಪಿಲೊಕ್‌ನ ಪಕ್ಷ ವಹಿಸುವ ಮೊದಲು ಉಳಿದೆರಡರ ಲೆಕ್ಕ ಒಪ್ಪಿಸಿಬಿಡುತ್ತೇನೆ.

ಪ್ರಾಣಿಗಳ ತಲೆ ಎಣಿಸುವುದೇ ಮುಖ್ಯವೆನ್ನುವವರಿಗೆ ಕಿನಬಟಂಗನ್ ಮೋಸ ಮಾಡುವುದಿಲ್ಲ. 560 ಕಿಲೋಮೀಟರ್ ಹರಿಯುವ ಈ ನದಿ ಉದ್ದದಲ್ಲಿ ಮಲೇಷ್ಯಾಕ್ಕೇ ಎರಡನೆಯದು. ಅದರ ಕೆಳಪಾತ್ರದ ದಂಡೆಯ ಕಾಡುಗಳನ್ನು 2005ರಲ್ಲಿ ವನ್ಯಧಾಮವೆಂದು ಘೋಷಿಸಿದರು. ಸುಕಾವ್ ಎಂಬ ಹಳ್ಳಿಯಿಂದ ಸಂಜೆ ದೋಣಿ ಹತ್ತಿದರೆ ಸಾಕು, ಬೋರ್ನಿಯೊ ಬಿಟ್ಟು ಬೇರೆಲ್ಲೂ ಇಲ್ಲದ ಪ್ರೊಬೊಸಿಸ್ ಕೋತಿಗಳು ಹಿಂಡುಹಿಂಡಾಗಿ ಕಾಣುತ್ತವೆ. ಹಗಲೆಲ್ಲ ಒಳಕಾಡಿನಲ್ಲಿ ಎಲೆ ತಿಂದು, ಮಲಗುವುದಕ್ಕೆ ಅವು ನದಿಯಂಚಿನ ಮರಗಳಿಗೇ ಬರುತ್ತವೆ. ಗಂಡಿನ ಮೂಗು ಬಾಯಿಯ ಮೇಲೆ ಇಳಿಬಿದ್ದಿರುತ್ತದೆ; ಚಿಗುರು ಬಾಯಿಗಿಡುವಾಗ ಅದು ಮೂಗನ್ನು ಕೈಯಿಂದ ಪಕ್ಕಕ್ಕೆ ಸರಿಸಿಕೊಂಡಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಬೋರ್ನಿಯೊದಲ್ಲಿರುವ ಎಂಟೂ ಜಾತಿಯ ಮಂಗಟ್ಟೆಗಳು (ಹಾರ್ನ್‌ಬಿಲ್) ಇಲ್ಲಿ ದಾಖಲಾಗಿವೆ. ಮೊಸಳೆಯಿದೆ, ಹಾವಕ್ಕಿಯಿದೆ, ಅದೃಷ್ಟವಿದ್ದರೆ ನೀರಿಗಿಳಿದ ಆನೆಗಳೂ ಸಿಗುತ್ತವೆ.

ಇಷ್ಟೆಲ್ಲ ಸಲೀಸಾಗಿ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ, ಪ್ಯಾಕೇಜಿನ ಕರಪತ್ರದಲ್ಲಿ ಅದು ಇರುವುದಿಲ್ಲ. ಸಾಂಡಕನ್‌ನಿಂದ ಸುಕಾವ್‌ಗೆ ಬರುವ ರಸ್ತೆಯ ಇಕ್ಕೆಲದಲ್ಲೂ ಎಣ್ಣೆತಾಳೆಯ ತೋಟಗಳೇ. ದಂಡೆಯ ಕಾಡು ಕೆಲವೆಡೆ ಎಷ್ಟು ತೆಳುವೆಂದರೆ ಅದರ ಬೆನ್ನಿಗೇ ತೋಟ ಶುರುವಾಗುತ್ತದೆ. ಹೋಗಲು ಬೇರೆ ಜಾಗವಿಲ್ಲದ ಪ್ರಾಣಿಗಳು ಆ ಪಟ್ಟಿಯೊಳಗೆ ಒತ್ತೊತ್ತಾಗಿ ಬದುಕುತ್ತಿವೆ. ಇದು ತಿಳಿದ ಮೇಲೆ ದೋಣಿಯಲ್ಲಿ ಕೂತು ಸಂಭ್ರಮಿಸುವುದು ನನಗೆ ಸ್ವಲ್ಪ ಕಷ್ಟವಾಯಿತು.

ಆದರೆ ಸುಕಾವ್ ನನ್ನ ಪಟ್ಟಿಯಲ್ಲಿ ಕೆಳಗಿಳಿದದ್ದು ಇಂಥ ಘನವಾದ ಕಾರಣಕ್ಕಲ್ಲ. ಕೋಣೆಯ ಏಸಿಯಿಂದ.

ನಗಬೇಡಿ. ಪ್ಯಾಕೇಜಿನಲ್ಲಿ ಕೊಟ್ಟ ದುಡ್ಡಿಗೆ ತಕ್ಕ ಬೆಲೆ ಸಿಗುವುದು ಮುಂಜಾವಿನ ದೋಣಿಯಲ್ಲಿ. ಬೆಳಕು ಹರಿದು ಬಿಸಿಲೇರುವ ತನಕದ ಹೊತ್ತಿನಲ್ಲಿ ನದಿಯ ಮೇಲೆ ಏನೆಲ್ಲ ನಡೆಯುತ್ತದೋ ಅದು ಆಮೇಲೆ ದಿನವಿಡೀ ನಡೆಯುವುದಿಲ್ಲ. ಸಬಾದಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯ ಹುಟ್ಟುತ್ತಾನೆ, ದೋಣಿಯೂ ಆಗಲೇ ಹೊರಡುತ್ತದೆ. ರಾತ್ರಿಯಿಡೀ ಏಸಿ ಕೋಣೆಯಲ್ಲಿದ್ದ ದುರ್ಬೀನು ಆ ಹೊತ್ತಿಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಹೊರಗಿನ ಗಾಳಿಯಲ್ಲೋ ಹಿಂಡಿದರೆ ನೀರು ಬರುವಷ್ಟು ತೇವ. ತಣ್ಣನೆಯ ಗಾಜಿಗೆ ಈ ಗಾಳಿ ತಾಗಿದ ಕ್ಷಣವೇ ಹನಿಗಟ್ಟುತ್ತದೆ. ಎದುರು ದಂಡೆಯ ಅತ್ತಿಮರದಲ್ಲಿ ಮಂಗಟ್ಟೆಗಳ ಜೋಡಿ ಕೂತಿದೆಯೆಂದು ಮಾರ್ಗದರ್ಶಿ ಕೈತೋರಿಸುತ್ತಾನೆ, ದೋಣಿಯಲ್ಲಿದ್ದವರೆಲ್ಲ ಉದ್ಗಾರ ತೆಗೆಯುತ್ತಾರೆ, ನನ್ನ ಕಣ್ಣಿಗೆ ಬರೀ ಬಿಳುಪು. ಒರೆಸಿದರೆ ಎರಡು ಕ್ಷಣ ತಿಳಿಯಾಗಿ ಮತ್ತೆ ಮಸುಕಾಗುತ್ತದೆ. ಗಾಜು ತಾನಾಗಿ ಬೆಚ್ಚಗಾಗುವವರೆಗೆ ಎಷ್ಟು ಒರೆಸಿದರೂ ಅಷ್ಟೇ. ದೊಡ್ಡ ಗಾಜಿನ ದುರ್ಬೀನು ಬೆಚ್ಚಗಾಗಲು ಅರ್ಧ ಗಂಟೆಯೂ ಬೇಕಾಗಬಹುದು. ಕನ್ನಡಕ ಹಾಕುವ ನನ್ನಂಥವರಿಗೆ ಅದರ ಮಂಜು ಬೇರೆ.

ಮಂಜು ಹಿಡಿಯದ ದುರ್ಬೀನು ಎಂದು ಅಂಗಡಿಯಲ್ಲಿ ಹೇಳಿ ಮಾರುತ್ತಾರಲ್ಲ, ಆ ಮಾತು ಇಲ್ಲಿ ಕೆಲಸಕ್ಕೆ ಬಾರದು. ಒಳಗೆ ನೈಟ್ರೋಜನ್ ತುಂಬಿ ಬಿಗಿದಿರುವುದರಿಂದ ಒಳಗಾಜು ಮಂಜಾಗುವುದಿಲ್ಲ ಎಂದಷ್ಟೇ ಅದರ ಅರ್ಥ. ಹೊರಗಿನ ಗಾಜಿಗೆ ಆ ರಕ್ಷಣೆಯಿಲ್ಲ. ಹಾಗೆ ಬಿಗಿಯದ ಅಗ್ಗದ ದುರ್ಬೀನಾದರೆ ತೇವ ಒಳಗೇ ಸೇರಿಕೊಳ್ಳುತ್ತದೆ, ಅದು ಒಂದೆರಡು ಗಂಟೆಯಲ್ಲಿ ಹೋಗುವಂಥದ್ದಲ್ಲ.

ಇದಕ್ಕೆ ಪರಿಹಾರ ಹುಡುಕುವುದರಲ್ಲೇ ನನ್ನ ಸುಕಾವ್ ವಾಸ ಕಳೆಯಿತು ಎನ್ನಬಹುದು. ಲಾಡ್ಜಿನ ಕಿಟಕಿಗಳು ತೆರೆಯುವಂಥವಲ್ಲ. ಏಸಿ ಆರಿಸಿದರೆ ಕೋಣೆಯೊಳಗೆ ಬೆಂದುಹೋಗಬೇಕು. ಜಗಲಿಯಲ್ಲಿಡೋಣವೆಂದರೆ, ಕೋತಿಗಳಿವೆ, ಯಾವ ವಸ್ತುವನ್ನೂ ಹೊರಗೆ ಬಿಡಬೇಡಿ ಎಂಬ ಫಲಕ. ಕಚೇರಿಯಲ್ಲಿ ಇರಿಸಿಕೊಳ್ಳುತ್ತೀರಾ ಎಂದು ಕೇಳಿದರೆ ಅವರು ಸಂತೋಷದಿಂದ ಒಪ್ಪಿದರು, ಆದರೆ ಅಲ್ಲೂ ಏಸಿ! ಗಾಳಿಯಾಡದಂತೆ ಜಿಪ್ ಎಳೆಯುವ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಹೊರಗೆ ತಂದ ಮೇಲೂ ಗಾಜು ಬೆಚ್ಚಗಾಗುವ ತನಕ ಚೀಲ ಬಿಚ್ಚದಿದ್ದರೆ ಹನಿಗಟ್ಟುವುದಿಲ್ಲ. ಆದರೆ ಆ ಅರ್ಧ ಗಂಟೆ ಹೇಗಿದ್ದರೂ ಹೋಯಿತಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬಚ್ಚಲುಮನೆ. ಅಲ್ಲಿ ಗೋಡೆಯ ಮೇಲ್ಭಾಗದಲ್ಲಿ ಹೊರಗಾಳಿ ಬರುವ ಒಂದು ಗವಾಕ್ಷಿಯಿತ್ತು. ಬಾಗಿಲು ಮುಚ್ಚಿ, ಟವೆಲ್ ಕೊಕ್ಕೆಗೆ ದುರ್ಬೀನು ತೂಗುಹಾಕಿದೆ. ಮರುದಿನ ಬೆಳಗ್ಗೆ ದೋಣಿಯಲ್ಲಿ ಸ್ಪಷ್ಟವಾಗಿ ಕಂಡ ಗಾಜು ನನ್ನದೊಂದೇ.

ಅಲ್ಲೇ ಹಳ್ಳಿಯ ಮನೆಗಳಲ್ಲಿ ಫ್ಯಾನಿನ ಕೋಣೆಗಳು ಇದಕ್ಕಿಂತ ಎಷ್ಟೋ ಕಡಿಮೆ ಬಾಡಿಗೆಗೆ ಸಿಗುತ್ತವೆ. ಅಲ್ಲಿ ಉಳಿದವರಿಗೆ ಈ ರಗಳೆಯೇ ಇಲ್ಲ. ಹೆಚ್ಚು ದುಡ್ಡು ಕೊಟ್ಟವನಿಗೆ ಮಂಜು, ಕಡಿಮೆ ಕೊಟ್ಟವನಿಗೆ ಮಂಗಟ್ಟೆ.

ಇನ್ನೊಂದು ಮಾತು. ಒಂದು ದೋಣಿ ಒರಾಂಗುಟಾನ್ ಕಂಡರೆ ಸುದ್ದಿ ಹಬ್ಬಿ ಉಳಿದ ದೋಣಿಗಳೂ ಅಲ್ಲಿಗೇ ಬಂದು ಸೇರುತ್ತವೆ. ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದು ನಮ್ಮ ಕೈಯಲ್ಲಿಲ್ಲ.

ಡಾನಮ್ ಬೇರೆಯೇ ತೂಕದ ಕಾಡು. ಲಹಾದ್ ದಾತು ಪಟ್ಟಣದಿಂದ ಎರಡು ಗಂಟೆಗೂ ಹೆಚ್ಚಿನ ರಸ್ತೆ. ಒಳಗೆ 438 ಚದರ ಕಿಲೋಮೀಟರ್ ತಗ್ಗುನೆಲದ ಮಳೆಕಾಡು, ಊರಿಲ್ಲ, ತೋಟವಿಲ್ಲ. 2019ರಲ್ಲಿ ಇಲ್ಲಿನ ಒಂದು ಹಳದಿ ಮೆರಾಂಟಿ ಮರವನ್ನು ತುದಿಯ ತನಕ ಹತ್ತಿ, ಟೇಪು ಇಳಿಬಿಟ್ಟು ಅಳೆದಾಗ 100.8 ಮೀಟರ್ ಬಂತು. ಕಾಡೆಂದರೆ ಇದೇ ಎಂದು ಯಾರಾದರೂ ವಾದಿಸಿದರೆ ನಾನು ಎದುರಾಡುವುದಿಲ್ಲ.

ಆದರೆ ನೆಲದ ಮೇಲೆ ನಡೆಯುವವನಿಗೆ ಇಷ್ಟು ಎತ್ತರದ ಕಾಡಿನಲ್ಲಿ ಸಿಗುವುದೇನು? ಬೇರು, ಕೆಸರು, ಕತ್ತುನೋವು. ನಡೆಯುವ ನಾಟಕವೆಲ್ಲ ಮೇಲೆ ಐವತ್ತು ಮೀಟರಿನಾಚೆ. ಇದು ಡಿಪ್ಟೆರೊಕಾರ್ಪ್ ಎಂಬ ಕುಟುಂಬದ ಮರಗಳ ಕಾಡು. ಈ ಮರಗಳು ವರ್ಷವರ್ಷ ಹಣ್ಣು ಬಿಡುವುದಿಲ್ಲ. ಕೆಲವು ವರ್ಷ ಸುಮ್ಮನಿದ್ದು, ಒಂದು ಸಲಕ್ಕೆ ಕಾಡಿಗೆ ಕಾಡೇ ಸೇರಿ ರೆಕ್ಕೆಬೀಜಗಳನ್ನು ಉದುರಿಸುತ್ತವೆ. ನಡುವಿನ ವರ್ಷಗಳಲ್ಲಿ ಹಣ್ಣು ತಿನ್ನುವ ಪ್ರಾಣಿಗಳಿಗೆ ಬರವೇ. ಹಾಗಾಗಿ ಅವು ವಿಶಾಲವಾಗಿ ಚದುರಿ ಬದುಕುತ್ತವೆ. ದಿನವಿಡೀ ನಡೆದು ಗಿಬ್ಬನ್‌ಗಳ ಕೂಗು ಕೇಳಿಸಿಕೊಂಡು, ಯಾವ ಪ್ರಾಣಿಯೆಂದು ಹೇಳಲಾಗದಂತೆ ಅಲುಗಾಡಿದ ಒಂದು ಕೊಂಬೆಯನ್ನು ನೋಡಿ ಹಿಂದಿರುಗುವುದು ಇಲ್ಲಿ ಮಾಮೂಲು. ಕಾಡಿನ ತಪ್ಪಲ್ಲ ಅದು, ಅದರ ಸ್ವಭಾವ. ಆದರೆ ಆ ಒಂದು ಕೊಂಬೆಗೆ ಅಷ್ಟು ದೊಡ್ಡ ಬಿಲ್ಲು ಕಟ್ಟುವುದು ನನಗೆ ಒಗ್ಗಲಿಲ್ಲ.

ಇಂಬಳಗಳ ಬಗ್ಗೆ ಒಂದೇ ಸಾಲು: ಮೊಣಕಾಲಿನ ತನಕ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲ ಹಾಕಿಕೊಳ್ಳಿ, ಎಲೆಗಳ ಮೇಲೆ ಕಾದಿರುವ ಹಳದಿಪಟ್ಟೆಯ ಹುಲಿ ಇಂಬಳ ಸೊಂಟಕ್ಕೇ ಹತ್ತುತ್ತದೆ, ಕಚ್ಚಿದ್ದೂ ಗೊತ್ತಾಗುತ್ತದೆ.

ಡಾನಮ್‌ನಲ್ಲಿ ಉಳಿಯಲು ಎರಡು ದಾರಿ. ಒಂದು ಐಷಾರಾಮಿ ಲಾಡ್ಜು. ಅಲ್ಲೂ ಮರದಿಂದ ಮರಕ್ಕೆ ತೂಗುಹಾಕಿದ ಚೆಂದದ ಸೇತುವೆಯಿದೆ. ಅಲ್ಲಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಸೆಪಿಲೊಕ್‌ನಲ್ಲಿ ವಾರಗಟ್ಟಲೆ ಇರಬಹುದು. ಇನ್ನೊಂದು 1986ರಲ್ಲಿ ಶುರುವಾದ ಫೀಲ್ಡ್ ಸೆಂಟರ್. ಅದು ಮೂಲತಃ ಸಂಶೋಧಕರಿಗಾಗಿ ಇರುವ ಜಾಗ. ಪ್ರವಾಸಿಗಳು ಮೊದಲೇ ಬರೆದು ಕೇಳಿ ಕೋಣೆ, ವಾಹನ, ಮಾರ್ಗದರ್ಶಿ ಎಲ್ಲವನ್ನೂ ಹೊಂದಿಸಿಕೊಳ್ಳಬೇಕು. ಪತ್ರ ಬರೆದು ಉತ್ತರಕ್ಕೆ ಕಾಯುವ ತಾಳ್ಮೆಯಿದ್ದರೆ ಡಾನಮ್‌ಗೆ ಅದೇ ಸರಿಯಾದ ಬಾಗಿಲು.

ಈಗ ಸೆಪಿಲೊಕ್. ಒರಾಂಗುಟಾನ್ ಪುನರ್ವಸತಿ ಕೇಂದ್ರ ಇಲ್ಲಿ 1964ರಿಂದ ಇದೆ. ತಾಯಿ ಕಳೆದುಕೊಂಡ ಮರಿಗಳನ್ನು ಸಾಕಿ, ಪಕ್ಕದ 43 ಚದರ ಕಿಲೋಮೀಟರ್ ಮೀಸಲು ಕಾಡಿಗೆ ಬಿಡುತ್ತಾರೆ. ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಅಟ್ಟಣೆಯ ಮೇಲೆ ಹಣ್ಣಿಡುತ್ತಾರೆ. ಕಾಡಿನಲ್ಲಿ ಹಣ್ಣು ಹೇರಳವಾಗಿದ್ದಾಗ ಅವು ಬರುವುದಿಲ್ಲ. ಬಾರದಿದ್ದರೆ ಸಿಬ್ಬಂದಿಗೆ ಖುಷಿ, ಟಿಕೆಟ್ ಕೊಂಡವರಿಗೆ ಬೇಸರ. ಒಮ್ಮೆ ನೋಡಲೇಬೇಕಾದದ್ದು ನಿಜ, ಎರಡನೇ ಸಲಕ್ಕೆ ನಾನು ಹೋಗಲಾರೆ. ಎದುರಿನ ಸೂರ್ಯಕರಡಿ ಕೇಂದ್ರಕ್ಕೆ ಮಾತ್ರ ಹೋಗುತ್ತೇನೆ.

ನನ್ನನ್ನು ಕಟ್ಟಿಹಾಕಿದ್ದು ಡಿಸ್ಕವರಿ ಸೆಂಟರಿನ ಮೇಲ್ಸೇತುವೆ. ನೂರಾರು ಮೀಟರ್ ಉದ್ದ, ನಡುನಡುವೆ ಗೋಪುರಗಳು. ತೂಗುಸೇತುವೆಯಲ್ಲ, ಗಟ್ಟಿ ಉಕ್ಕು. ಈ ವ್ಯತ್ಯಾಸ ಹಗ್ಗದ ಸೇತುವೆಯ ಮೇಲೆ ದುರ್ಬೀನು ಹಿಡಿದವರಿಗೆ ಮಾತ್ರ ಗೊತ್ತು. ಅಲ್ಲಿ ಹಿಂದೆ ಯಾರೋ ಹೆಜ್ಜೆಯಿಟ್ಟರೂ ಮುಂದಿನ ಹಕ್ಕಿ ಕುಣಿಯುತ್ತದೆ. ಇಲ್ಲಿ ಟಿಕೆಟ್ ಕೊಂಡು ಹತ್ತಿದರೆ ಮಾರ್ಗದರ್ಶಿ ಬೇಕಿಲ್ಲ, ದೋಣಿಯ ಹೊತ್ತಿಲ್ಲ, ಹೊರಡಿ ಎನ್ನುವವರಿಲ್ಲ. ಡಾನಮ್‌ನಲ್ಲಿ ಕತ್ತೆತ್ತಿ ಊಹಿಸಬೇಕಾಗಿದ್ದ ಎಲೆಗಳ ಮಟ್ಟ ಇಲ್ಲಿ ಕಣ್ಣಿನೆದುರಿಗೇ ಇದೆ. ಕಪ್ಪು ಮೈ, ಕೆಂಪು ತಲೆಯ ಬ್ರಿಸ್ಟಲ್‌ಹೆಡ್ ಬೋರ್ನಿಯೊದಲ್ಲಷ್ಟೇ ಇರುವ ಹಕ್ಕಿ, ಅದರ ಕುಟುಂಬದಲ್ಲಿ ಬೇರೆ ಜಾತಿಯೇ ಇಲ್ಲ. ಅದರ ಗುಂಪು ನನಗೆ ಸಿಕ್ಕಿದ್ದು ಇಲ್ಲಿ, ನಾನು ನಿಂತ ಮಟ್ಟಕ್ಕಿಂತ ಕೆಳಗಿನ ಕೊಂಬೆಯಲ್ಲಿ. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡುವ ಸುಖ ಕಾಡಿನಲ್ಲಿ ಅಪರೂಪ.

ಸಂಜೆಯ ನಡಿಗೆಗೆ ಬೇರೆ ಟಿಕೆಟ್ ತೆಗೆದುಕೊಂಡರೆ ಕತ್ತಲಾಗುವಾಗಲೂ ಮೇಲಿರಬಹುದು. ಹಾರುವ ಅಳಿಲುಗಳು ಹೊರಬೀಳುವ ಹೊತ್ತದು. ಕೆಂಗಂದು ಬಣ್ಣದ ದೊಡ್ಡ ಜಾತಿ. ಪೊಟರೆಯಿಂದ ತಲೆ ಹೊರಹಾಕಿ ಬಹಳ ಹೊತ್ತು ಅಲುಗುವುದಿಲ್ಲ. ಆಮೇಲೆ ಕಾಂಡ ಹಿಡಿದು ತುದಿಗೇರಿ, ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರ ಅಳೆಯುತ್ತದೆ. ಒಮ್ಮೆ ಕಾಲು ಚಾಚಿ ಜಿಗಿದರೆ ಸೇತುವೆಯ ಮೇಲಿಂದಲೇ ದಾಟಿ ಆಚೆ ಮರದ ಬುಡದತ್ತ ಜಾರಿಹೋಗುತ್ತದೆ, ಸದ್ದೇ ಇಲ್ಲ.

ಕೊರತೆಗಳೂ ಇವೆ. ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತಾರೆ, ಹಕ್ಕಿಗಳ ಲೆಕ್ಕದಲ್ಲಿ ಅದು ಮಧ್ಯಾಹ್ನಕ್ಕೆ ಸಮ. ಶಾಲಾ ಮಕ್ಕಳ ಗುಂಪು ಬಂದರೆ ಒಂದು ಗಂಟೆ ಮಾತಿನ ಮಳೆ. ಕಾಡು ಚಿಕ್ಕದು, ಆನೆ ಕಾಣುವ ಆಸೆ ಇಟ್ಟುಕೊಳ್ಳಬಾರದು.

ಖರ್ಚಿನ ಮಾತಿಗೆ ಬಂದರೆ ಸೆಪಿಲೊಕ್‌ನ ಟಿಕೆಟ್ಟು ಹತ್ತುಗಳ ರಿಂಗಿಟ್‌ನಲ್ಲಿ, ಸುಕಾವ್‌ನ ಪ್ಯಾಕೇಜು ನೂರುಗಳಲ್ಲಿ, ಡಾನಮ್‌ನ ಲಾಡ್ಜು ಸಾವಿರಗಳಲ್ಲಿ. ನಾನು ಒಂದೇ ಮರದ ಮುಂದೆ ಬೆಳಗಿನ ಹೊತ್ತೆಲ್ಲ ನಿಲ್ಲುವವನು, ದೊಡ್ಡ ಕ್ಯಾಮೆರಾ ಹೊರುವವನಲ್ಲ, ಯಾರೋ ಹಾಕಿಕೊಟ್ಟ ವೇಳಾಪಟ್ಟಿಗೆ ಏಳುವುದೆಂದರೆ ಆಗದು. ಅಂಥವನಿಗೆ ದಿನವೂ ಅದೇ ಸೇತುವೆಗೆ ಮರಳುವುದು ಹೊಂದುತ್ತದೆ. ಸಾಂಡಕನ್ ವಿಮಾನ ನಿಲ್ದಾಣವೂ ಹತ್ತಿರ, ಫ್ಯಾನು ಮತ್ತು ಸೊಳ್ಳೆಪರದೆಯ ಕೋಣೆಗಳು ಬೇಕಾದಷ್ಟು. ಗಿಡಮರಗಳ ಹುಚ್ಚಿರುವವರು, ನಡೆಯಲು ಕಾಲಲ್ಲಿ ಕಸುವಿರುವವರು ಫೀಲ್ಡ್ ಸೆಂಟರಿಗೆ ಇಂದೇ ಪತ್ರ ಬರೆಯಲಿ. ಆನೆಯನ್ನೇ ನೋಡಬೇಕೆನ್ನುವವರು ಸುಕಾವ್‌ಗೆ ಹೋಗಲಿ. ಕೋಣೆ ಕಾದಿರಿಸುವಾಗ ಕಿಟಕಿ ತೆರೆಯುತ್ತದೆಯೇ ಎಂದು ಕೇಳಿಕೊಂಡು ಹೋಗಲಿ.